ವೈರಿಂಗ್ ಪರೀಕ್ಷಾ ವರದಿಗೆ ತಂತ್ರಾಂಶ: ಕೊಳ್ಳುವ ಮುನ್ನ ನೋಡಬೇಕಾದ್ದು

ಪಂಪ್ ಶೆಡ್ಡು, ಪಲ್ಪರ್ ಮನೆ, ಅಡಿಕೆ ಸುಲಿಯುವ ಯಂತ್ರ, ಲೈನ್ ಮನೆ ಇವುಗಳ ವೈರಿಂಗ್ ಮುಗಿದ ಮೇಲೆ ಕೊಡಬೇಕಾದ ಪರೀಕ್ಷಾ ವರದಿಯನ್ನು ಎಲೆಕ್ಟ್ರಿಷಿಯನ್ನರು ಈಗ ಮೊಬೈಲ್ ಫೋನಿನಲ್ಲೇ ತುಂಬಿ ವಾಟ್ಸಾಪಿನಲ್ಲಿ ಕಳಿಸತೊಡಗಿದ್ದಾರೆ. ಅದಕ್ಕೆಂದೇ ತಯಾರಾದ ತಂತ್ರಾಂಶಗಳನ್ನು ಮಾರುವವರು ನಮ್ಮ ಸಂಘದ ಕಚೇರಿಗೂ ಬಂದು ಹೋಗಿದ್ದಾರೆ. ಸಂಘವೇ ಒಂದನ್ನು ಕೊಂಡು ಸದಸ್ಯರೆಲ್ಲರ ತೋಟಗಳ ವಿದ್ಯುತ್ ದಾಖಲೆಯನ್ನು ಒಂದೇ ಕಡೆ ಇಟ್ಟರೆ ಹೇಗೆ ಎಂಬ ಸಲಹೆ ಆಡಳಿತ ಮಂಡಳಿಯ ಮುಂದಿದೆ. ಸಲಹೆ ಒಳ್ಳೆಯದೇ. ಆದರೆ ಕೊಳ್ಳುವುದು ಯಾವುದನ್ನು, ಯಾವ ಗುಣ ನೋಡಿ, ಎಂಬುದನ್ನು ಸದಸ್ಯ ಬಾಂಧವರು ಯೋಚಿಸಿಕೊಂಡು ಸಭೆಗೆ ಬರಲೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಹೊಸ ಸಂಪರ್ಕ ಬೇಕಾದಾಗ ಅಥವಾ ಹೆಚ್ಚಿನ ಲೋಡ್ ಕೇಳಿದಾಗ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಕೆಲಸ ಪೂರೈಸಿದ ವರದಿಯನ್ನೂ ಪರೀಕ್ಷೆಯ ವರದಿಯನ್ನೂ ಸಹಿ ಮೊಹರಿನೊಂದಿಗೆ ಮೆಸ್ಕಾಂಗೋ, ಹಾಸನ ಕೊಡಗಿನ ಕಡೆ ತೋಟವಿರುವವರಾದರೆ ಸೆಸ್ಕ್‌ಗೋ ಒಪ್ಪಿಸುತ್ತಾರೆ. ನಮ್ಮವರ ಮಟ್ಟಿಗೆ ಅದು ಮೀಟರು ಬರುವ ತನಕದ ಕಾಗದ. ಮೀಟರು ಕೂತ ಮೇಲೆ ಅದರ ಪ್ರತಿ ಎಲ್ಲಿದೆ ಎಂದು ವಿಚಾರಿಸಿದರೆ, ಎಲೆಕ್ಟ್ರಿಷಿಯನ್ ಹತ್ತಿರ ಇರಬೇಕು ಎನ್ನುವವರೇ ಬಹಳ. ಮನೆಯಲ್ಲಿ ಇಟ್ಟವರದು ಕೆಲವೊಮ್ಮೆ ಗೆದ್ದಲಿನ ಪಾಲಾಗಿರುತ್ತದೆ. ಇನ್ನು ಉಳಿದಿರುವ ಪ್ರತಿಗಳನ್ನು ತೆರೆದು ನೋಡಿದರೆ ಕಾಣುವುದು ಏನು? ‘ಇನ್ಸುಲೇಷನ್: ಸರಿ ಇದೆ. ಅರ್ಥಿಂಗ್: ಸರಿ ಇದೆ.’ ಕೆಳಗೊಂದು ಸಹಿ.

ಈ ‘ಸರಿ ಇದೆ’ ಎಂಬ ಮಾತು ಎಷ್ಟು ಮೋಸದ್ದು ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡೋಣ. ಕೆರೆಯ ದಡದ ಪಂಪಿನ ಮೋಟಾರಿನೊಳಗೆ ಒಂದು ಫೇಸಿನ ತಂತಿ ಸವೆದು ಬಾಡಿಗೆ ತಾಗಿತೆಂದುಕೊಳ್ಳಿ. ಫೇಸಿಗೂ ನೆಲಕ್ಕೂ ನಡುವೆ 230 ವೋಲ್ಟ್. ಕರೆಂಟು ಮೋಟಾರಿನ ಬಾಡಿಯಿಂದ ನಮ್ಮ ಅರ್ಥ್ ಪೈಪಿಗಿಳಿದು, ಮಣ್ಣಿನಲ್ಲಿ ಹಾಯ್ದು, ಟ್ರಾನ್ಸ್‌ಫಾರ್ಮರಿನ ಅರ್ಥಿನ ಮೂಲಕ ಹಿಂದಿರುಗಬೇಕು. ನಮ್ಮ ಅರ್ಥಿನ ರೋಧ 8 ಓಂ, ಟ್ರಾನ್ಸ್‌ಫಾರ್ಮರಿನದು 2 ಓಂ ಎಂದು ಹಿಡಿದರೆ ಒಟ್ಟು 10 ಓಂ. ಹರಿಯುವ ಕರೆಂಟು 23 ಆಂಪಿಯರ್. ಶೆಡ್ಡಿನಲ್ಲಿರುವುದು 32 ಆಂಪಿಯರಿನ ‘ಸಿ’ ಮಾದರಿಯ ಎಂಸಿಬಿ. ಅದು ತಟ್ಟನೆ ಬೀಳಬೇಕಾದರೆ ರೇಟಿಂಗಿನ 5ರಿಂದ 10 ಪಟ್ಟು, ಎಂದರೆ 160ರಿಂದ 320 ಆಂಪಿಯರ್ ಹರಿಯಬೇಕು. 23 ಆಂಪಿಯರಿಗೆ ಅದು ಎಷ್ಟು ಹೊತ್ತಾದರೂ ಬೀಳದು. ಅಷ್ಟು ಹೊತ್ತೂ ಮೋಟಾರಿನ ಬಾಡಿಯ ಮೇಲೆ 8ರಿಂದ 23ನ್ನು ಗುಣಿಸಿದಷ್ಟು, ಅಂದರೆ 184 ವೋಲ್ಟ್ ನಿಂತಿರುತ್ತದೆ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಬಂತೆಂದು ಎದ್ದು ಹೋಗಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ವಾಲ್ವ್ ತಿರುಗಿಸುವವನು ಮುಟ್ಟುವುದು ಅದನ್ನೇ. ಅರ್ಥ್ ಇತ್ತು, ಎಂಸಿಬಿ ಇತ್ತು, ವರದಿಯಲ್ಲಿ ‘ಸರಿ ಇದೆ’ ಎಂದೂ ಇತ್ತು.

ಇಂಥಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದೊಡನೆ ಬೀಳುವ ಸಾಧನ ಇದು. 30 ಮಿಲಿಆಂಪಿಯರಿನ ಸಾಮಾನ್ಯ ಆರ್‌ಸಿಸಿಬಿಯು ಅಷ್ಟು ಸೋರಿಕೆಗೆ 300 ಮಿಲಿಸೆಕೆಂಡಿನೊಳಗೆ, ಅದರ 5 ಪಟ್ಟು ಸೋರಿಕೆಗೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕು. ಹಳೆಯ ಮೋಟಾರುಗಳಲ್ಲಿ ಇದು ಪದೇ ಪದೇ ಬೀಳುತ್ತದೆಂದು ಬೈಪಾಸ್ ಮಾಡಿಟ್ಟವರು ನಮ್ಮ ನಡುವೆಯೇ ಇದ್ದಾರೆ. ಬೀಳುತ್ತಿರುವುದು ಸಾಧನದ ದೋಷದಿಂದಲ್ಲ, ಮೋಟಾರು ಸೋರುತ್ತಿದೆ ಎಂಬ ಸುದ್ದಿಯನ್ನು ಅದು ಹೇಳುತ್ತಿದೆ. ಸುದ್ದಿ ತಂದವನ ಬಾಯಿ ಕಟ್ಟಿ ಪ್ರಯೋಜನವಿಲ್ಲ.

ಆದ್ದರಿಂದ ವರದಿಯಲ್ಲಿ ನಮಗೆ ಬೇಕಾದದ್ದು ಅಂಕಿ. ಪ್ರತಿ ಸರ್ಕ್ಯೂಟಿನ ಇನ್ಸುಲೇಷನ್ ಎಷ್ಟು ಮೆಗಾಓಂ (500 ವೋಲ್ಟ್ ಡಿಸಿಯಲ್ಲಿ ಅಳೆದಾಗ 1 ಮೆಗಾಓಂಗಿಂತ ಕಡಿಮೆ ಇರಕೂಡದು), ಅರ್ಥಿನ ರೋಧ ಎಷ್ಟು ಓಂ, ಆರ್‌ಸಿಸಿಬಿ ಎಷ್ಟು ಮಿಲಿಸೆಕೆಂಡಿಗೆ ಬಿತ್ತು, ತ್ರೀಫೇಸ್ ಮೋಟಾರಿನ ಬಾಡಿಗೆ ಎರಡು ಪ್ರತ್ಯೇಕ ಅರ್ಥ್ ಸಂಪರ್ಕ ಇದೆಯೇ ಇಲ್ಲವೇ. ಜೊತೆಗೆ ಅಳೆದ ದಿನಾಂಕ. ದಿನಾಂಕಕ್ಕೆ ಇಲ್ಲಿ ವಿಶೇಷ ಅರ್ಥವಿದೆ. ಆಷಾಢದ ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ಅಳೆದ ಅರ್ಥ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಹೂಮಳೆಗೆ ಕಾಯುತ್ತ ನಾವು ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ ಮಾರ್ಚ್‌ನಲ್ಲಿ ಅದೇ ಪೈಪಿನ ರೋಧ ಏರಿರುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳು ಈಗ ಜಾರಿಯಲ್ಲಿಲ್ಲ. ಆದರೂ ಸರಬರಾಜುದಾರರು ತಮ್ಮ ಅರ್ಥಿಂಗನ್ನು ಎರಡು ವರ್ಷಕ್ಕೊಮ್ಮೆಯಾದರೂ ಬೇಸಿಗೆಯ ಒಣ ದಿನದಲ್ಲಿ ಅಳೆದು ದಾಖಲೆ ಇಡಬೇಕೆಂದು ಅದರಲ್ಲಿ ಬರೆದವರಿಗೆ ಮಣ್ಣಿನ ಗುಣ ಗೊತ್ತಿತ್ತು.

ಒಂದೇ ವರ್ಷದ ಅಂಕಿಗಿಂತ ಹಲವು ವರ್ಷಗಳ ಅಂಕಿ ಹೆಚ್ಚು ಮಾತಾಡುತ್ತದೆ. ಮೋಟಾರಿನ ಇನ್ಸುಲೇಷನ್ ಮೊದಲ ಸಲ 50 ಮೆಗಾಓಂ, ಮುಂದಿನ ಸಲ 20, ಆಮೇಲೆ 3 ಎಂದಾದರೆ, ನಿಯಮದ ಪ್ರಕಾರ ಮೂರೂ ಸಲ ಪಾಸು. ಆದರೆ ವೈಂಡಿಂಗಿಗೆ ತೇವ ಹಿಡಿಯುತ್ತಿದೆ, ಇನ್ನೊಂದು ಮಳೆಗಾಲ ತಾಳುವುದು ಕಷ್ಟ ಎಂದು ಆ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟವರಿಗೆ ತಿಳಿಯುತ್ತದೆ. ಪಲ್ಪಿಂಗಿನ ನಡುವೆ ಮೋಟಾರು ಸುಟ್ಟರೆ ಹಣ್ಣು ರಾಶಿಯಲ್ಲೇ ಬಿಸಿಯಾಗಿ ಹುಳಿಯುವುದನ್ನು ಅನುಭವಿಸಿದವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ತಂತ್ರಾಂಶ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಕಾಗದ ಒಂದು ದಿನದ ಲೆಕ್ಕವನ್ನು ಹೇಳುತ್ತದೆ, ಒಳ್ಳೆಯ ತಂತ್ರಾಂಶ ಹಿಂದಿನದನ್ನೂ ಪಕ್ಕದಲ್ಲಿ ತಂದಿಡುತ್ತದೆ.

ಇನ್ನು ಸಿಗುವ ಬಗೆಗಳ ವಿಚಾರ. ಪ್ರಮಾಣಪತ್ರ ತುಂಬುವ ತಂತ್ರಾಂಶದ ವ್ಯಾಪಾರ ಬ್ರಿಟನ್ನಿನಲ್ಲಿ ದೊಡ್ಡದು. ಅಲ್ಲಿ ಬಿಎಸ್ 7671 ಎಂಬ ವೈರಿಂಗ್ ನಿಯಮಾವಳಿಯಲ್ಲೇ ಪ್ರಮಾಣಪತ್ರದ ಮಾದರಿ ನಮೂನೆಗಳಿವೆ. ವಿನ್ಯಾಸ ಮಾಡಿದವರು, ಕೆಲಸ ಮಾಡಿದವರು, ಪರೀಕ್ಷಿಸಿದವರು ಇವರಿಗೆ ಬೇರೆ ಬೇರೆ ಸಹಿಯ ಜಾಗ, ಒಂದೊಂದು ಸರ್ಕ್ಯೂಟಿಗೂ ಒಂದೊಂದು ಸಾಲು. ಇಂಗ್ಲೆಂಡಿನಲ್ಲಿ 2020ರ ನಿಯಮಗಳಂತೆ ಬಾಡಿಗೆ ಮನೆಗಳ ವೈರಿಂಗನ್ನು 5 ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಲೇಬೇಕಾದ್ದರಿಂದ ಎಲೆಕ್ಟ್ರಿಷಿಯನ್ನರಿಗೆ ಇದು ದಿನನಿತ್ಯದ ಕೆಲಸ. ಆ ತಂತ್ರಾಂಶಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಎಂಸಿಬಿಯ ಮಾದರಿ ಮತ್ತು ರೇಟಿಂಗ್ ಬರೆದರೆ, ಆ ಸರ್ಕ್ಯೂಟಿನ ಅರ್ಥ್ ಹಾದಿಯ ಒಟ್ಟು ರೋಧ ಎಷ್ಟರೊಳಗಿರಬೇಕು ಎಂದು ತಾನೇ ಕೋಷ್ಟಕ ನೋಡಿ, ಮೀರಿದ್ದರೆ ಕೆಂಪಕ್ಷರದಲ್ಲಿ ತೋರಿಸುತ್ತದೆ. 32 ಆಂಪಿಯರಿನ ‘ಬಿ’ ಮಾದರಿಗೆ 1.37 ಓಂ, ‘ಸಿ’ ಮಾದರಿಗೆ 0.68 ಓಂ. ನಮ್ಮ ಮೇಲಿನ ಲೆಕ್ಕದ 10 ಓಂ ಎಲ್ಲಿ, ಈ 0.68 ಎಲ್ಲಿ! ಆ ಶೆಡ್ಡಿನ ಅಪಾಯವನ್ನು ಇಂಥ ತಂತ್ರಾಂಶ ಒಂದು ಕ್ಷಣದಲ್ಲಿ ಹಿಡಿಯುತ್ತಿತ್ತು.

ಆದರೆ ಅದನ್ನು ಹಾಗೆಯೇ ತಂದು ಇಲ್ಲಿ ಇಟ್ಟರೆ ಸರಿಹೋಗದು. ಅದರ ನಮೂನೆ ನಮ್ಮ ಕಚೇರಿಗಳು ಕೇಳುವ ನಮೂನೆಯಲ್ಲ. ನಮ್ಮ ತೋಟಗಳಂತೆ ಅವರವರದೇ ಅರ್ಥ್ ಪೈಪನ್ನು ನೆಚ್ಚಿರುವ ವ್ಯವಸ್ಥೆಗೆ ‘ಟಿಟಿ’ ಎಂದು ಹೆಸರು. ಅಲ್ಲಿ ರಕ್ಷಣೆಯ ಭಾರವೆಲ್ಲ ಆರ್‌ಸಿಸಿಬಿಯ ಮೇಲೆ. ತಂತ್ರಾಂಶಕ್ಕೆ ಇದನ್ನು ತಿಳಿಸುವ ಅವಕಾಶವಿಲ್ಲದಿದ್ದರೆ ಎಲ್ಲ ಸಾಲೂ ಕೆಂಪಾಗಿ, ಎಲೆಕ್ಟ್ರಿಷಿಯನ್ ಬೇಸತ್ತು ಎಚ್ಚರಿಕೆಯನ್ನೇ ಆರಿಸಿಡುತ್ತಾನೆ. ನಮ್ಮ ದೇಶಕ್ಕೆಂದೇ ಮಾಡಿದ್ದು ಎನ್ನುವವರಿಗೂ ಒಂದು ಪ್ರಶ್ನೆ ಹಾಕಬಹುದು: ನಮೂನೆಯಲ್ಲಿ ಯಾವ ನಿಯಮದ ಹೆಸರಿದೆ? ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳ ಸ್ಥಾನದಲ್ಲಿ 2023ರ ನಿಯಮಗಳು ಬಂದಿವೆ. ವೈರಿಂಗಿನ ಐಎಸ್ 732 ಪರಿಷ್ಕೃತವಾದದ್ದು 2019ರಲ್ಲಿ, ಅರ್ಥಿಂಗಿನ ಐಎಸ್ 3043 ಪರಿಷ್ಕೃತವಾದದ್ದು 2018ರಲ್ಲಿ. ಹಳೆಯ ಇಸವಿಯೇ ಅಚ್ಚಾಗಿದ್ದರೆ ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಲ್ಲ ಎಂದರ್ಥ.

ನಮ್ಮ ಮುಖ್ಯ ಆಕ್ಷೇಪ ಬೇರೆಯದು. ಕಚೇರಿಗೆ ಬಂದಿದ್ದ ಮಾರಾಟದ ಪ್ರತಿನಿಧಿಯೊಬ್ಬರು ಮೊದಲ ಸಾಲಿನಲ್ಲಿ ಒಂದು ಅಂಕಿ ಬರೆದು ಗುಂಡಿ ಒತ್ತಿದರು. ಕೆಳಗಿನ ಎಲ್ಲ ಸರ್ಕ್ಯೂಟುಗಳಿಗೂ ಅದೇ ಅಂಕಿ ಸರಸರನೆ ತುಂಬಿಕೊಂಡಿತು. ಸಮಯ ಎಷ್ಟು ಉಳಿಯಿತು ನೋಡಿ, ಎಂದು ಅವರು ಸಂತೋಷಪಟ್ಟರು. ಅಲ್ಲಿ ಕೂತಿದ್ದ ಹಿರಿಯ ಸದಸ್ಯರೊಬ್ಬರು ‘ಇದೇನು ಮಾರಾಯರೆ, ಅಳೆದದ್ದೋ ಬಿತ್ತಿದ್ದೋ?’ ಎಂದು ಕೇಳಿದರು. ಪ್ರಶ್ನೆ ತಮಾಷೆಯದಾದರೂ ವಿಷಯ ತಮಾಷೆಯದಲ್ಲ. ವಿಳಾಸ, ಆರ್.ಆರ್. ನಂಬರು, ಕೇಬಲ್ಲಿನ ಗಾತ್ರ ಇವನ್ನು ತಂತ್ರಾಂಶ ತಾನೇ ತುಂಬಿಕೊಟ್ಟರೆ ಸಂತೋಷ. ಉಪಕರಣ ಹಿಡಿದು ಅಳೆಯಬೇಕಾದ ಅಂಕಿಯನ್ನು ಅದು ತುಂಬಕೂಡದು. ಅಳೆಯದ ಮನೆ ಖಾಲಿಯಾಗಿಯೇ ಅಚ್ಚಾಗಬೇಕು, ಏಕೆ ಅಳೆಯಲಿಲ್ಲ ಎಂದು ಬರೆಯಲು ಪಕ್ಕದಲ್ಲಿ ಜಾಗ ಇರಬೇಕು. ಖಾಲಿ ಮನೆ ನೋಡಿದ ಮಾಲೀಕ ಪ್ರಶ್ನೆ ಕೇಳುತ್ತಾನೆ. ಸುಳ್ಳು ಅಂಕಿ ನೋಡಿದವನು ನೆಮ್ಮದಿಯಿಂದ ಮಲಗುತ್ತಾನೆ. ಎಷ್ಟೇ ಚೆಂದದ ಪಿಡಿಎಫ್ ಕೊಡಲಿ, ಈ ಒಂದು ಗುಣವಿಲ್ಲದ್ದನ್ನು ಸಂಘ ಕೊಳ್ಳಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಉಳಿದವು ತೋಟದ ವ್ಯವಹಾರ ಬಲ್ಲವರಿಗೆ ತಾವೇ ಹೊಳೆಯುವಂಥವು. ಹಳ್ಳದ ಬದಿಯ ಪಂಪ್ ಶೆಡ್ಡಿನಲ್ಲಿ ಸಿಗ್ನಲ್ ಇರುವುದಿಲ್ಲ. ನೆಟ್‌ವರ್ಕ್ ಇಲ್ಲದೆಯೂ ಬರೆದುಕೊಂಡು, ಊರಿಗೆ ಬಂದ ಮೇಲೆ ಕಳಿಸುವಂತಿರಬೇಕು. ಜನರೇಟರ್ ಇರುವ ಕಡೆ ಅದರ ಅರ್ಥಿಂಗಿಗೂ ಚೇಂಜ್‌ಓವರ್ ಸ್ವಿಚ್ಚಿಗೂ ಬೇರೆ ಹಾಳೆ ಬೇಕು, ಏಕೆಂದರೆ ಅಲ್ಲಿ ತಪ್ಪಾದರೆ ಸಾಯುವವನು ಕಂಬ ಹತ್ತಿದ ಲೈನ್‌ಮನ್. ಕನ್ನಡದ ವಿಷಯದಲ್ಲಿ ನಮ್ಮದು ಹಟವಲ್ಲ. ಪರೀಕ್ಷೆಯ ಕೋಷ್ಟಕ ಇಂಗ್ಲಿಷಿನಲ್ಲಿದ್ದರೂ ನಡೆಯುತ್ತದೆ, ಎಲೆಕ್ಟ್ರಿಷಿಯನ್ನರಿಗೆ ಅದೇ ರೂಢಿ. ಮಾಲೀಕರಿಗೆ ಕೊಡುವ ಮೊದಲ ಪುಟ ಮಾತ್ರ ಕನ್ನಡದಲ್ಲಿರಲಿ: ಏನು ಸರಿಯಿಲ್ಲ, ಯಾವುದನ್ನು ಈಗಲೇ ನಿಲ್ಲಿಸಬೇಕು, ಯಾವುದು ಕಾಯಬಹುದು. ಅಚ್ಚು ಹಾಕಿದಾಗ ಒತ್ತಕ್ಷರಗಳು ಕಳಚಿ ಬೀಳುವುದಿಲ್ಲವೇ ಎಂದು ಒಂದು ಹಾಳೆ ತೆಗೆಸಿ ನೋಡಿಯೇ ಒಪ್ಪಬೇಕು.

ದಾಖಲೆ ಯಾರದು ಎಂಬ ಪ್ರಶ್ನೆಗೆ ಸ್ವಲ್ಪ ನಿಲ್ಲಬೇಕಾಗುತ್ತದೆ. ಈ ತಂತ್ರಾಂಶಗಳು ಬಹುಮಟ್ಟಿಗೆ ವರ್ಷಚಂದಾದ ಮೇಲೆ ನಡೆಯುವಂಥವು. ಚಂದಾ ನಿಂತ ವರ್ಷ ಹಳೆಯ ವರದಿಗಳನ್ನು ತೆರೆಯಲು ಬರುತ್ತದೆಯೇ? ಎಲ್ಲವನ್ನೂ ಪಿಡಿಎಫ್ ಆಗಿ, ಅಂಕಿಗಳನ್ನು ಬೇರೆಯಾಗಿ ಎಕ್ಸೆಲ್ ಹಾಳೆಯಾಗಿ ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದೇ? ಖಾತೆ ಎಲೆಕ್ಟ್ರಿಷಿಯನ್‌ನ ಸ್ವಂತ ಹೆಸರಿನಲ್ಲಿದ್ದರೆ, ಆ ಹುಡುಗ ನಾಳೆ ದುಬೈಗೋ ಬೆಂಗಳೂರಿಗೋ ಹೊರಟಾಗ ನಮ್ಮ ತೋಟದ ಚರಿತ್ರೆಯೂ ಅವನ ಚೀಲದಲ್ಲಿ ಹೋಗುತ್ತದೆ. ಖಾತೆ ಸಂಘದ ಹೆಸರಿನಲ್ಲಿದ್ದು, ದಾಖಲೆ ಆರ್.ಆರ್. ನಂಬರಿನ ಪ್ರಕಾರ ಇರತಕ್ಕದ್ದು. ಸಹಿ ಹಾಕಿದ ಮೇಲೆ ಅಂಕಿ ತಿದ್ದಿದರೆ, ಯಾರು ಯಾವಾಗ ತಿದ್ದಿದರೆಂಬುದು ಉಳಿಯಬೇಕು. ಸಹಿಯ ಚಿತ್ರವನ್ನು ಅಂಟಿಸಿದ ಮಾತ್ರಕ್ಕೆ ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುವ ಡಿಜಿಟಲ್ ಸಹಿ ಆಗುವುದಿಲ್ಲ. ಅಚ್ಚು ತೆಗೆದು, ಪರವಾನಗಿದಾರರಿಂದ ಕೈಸಹಿ ಮೊಹರು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳುವ ಪದ್ಧತಿಯನ್ನು ಬಿಡುವ ಕಾರಣ ನಮಗೆ ಕಾಣಲಿಲ್ಲ.

ಹಣ ಕೊಟ್ಟು ಕೊಳ್ಳುವುದೇಕೆ, ಒಂದು ಎಕ್ಸೆಲ್ ಹಾಳೆ ಸಾಲದೇ ಎಂದು ಕೆಲವರು ಕೇಳಿದ್ದಾರೆ. ಒಂದೆರಡು ಪಂಪಿರುವ ಸಣ್ಣ ಹಿಡುವಳಿದಾರರಿಗೆ ಖಂಡಿತ ಸಾಕು. ಸೂತ್ರಗಳಿರುವ ಮನೆಗಳಿಗೆ ಬೀಗ ಹಾಕಿಟ್ಟರೆ ಅದೂ ಕೆಂಪಕ್ಷರದ ಎಚ್ಚರಿಕೆ ಕೊಡುತ್ತದೆ. ನೂರಾರು ಸದಸ್ಯರದ್ದನ್ನು ಹಾಗೆ ಇಟ್ಟುಕೊಂಡರೆ ಯಾವ ಪ್ರತಿ ಹೊಸದು, ಯಾವುದು ಹಳೆಯದು ಎಂಬ ಗೊಂದಲವಾಗುತ್ತದೆ, ಅಷ್ಟೇ. ಈ ಕಾರಣಕ್ಕೆ ಒಂದು ಹಂಗಾಮು ಎಕ್ಸೆಲ್ ಹಾಳೆಯಲ್ಲೇ ನಡೆಸಿ, ನಮಗೆ ಬೇಕಾದ ಕಾಲಮುಗಳು ಯಾವುವು ಎಂದು ತಿಳಿದುಕೊಂಡ ಮೇಲೆ ತಂತ್ರಾಂಶ ಕೊಳ್ಳುವುದು ಮೇಲು.

ಅದಕ್ಕೂ ಮೊದಲು ಉಪಕರಣ. ಇನ್ಸುಲೇಷನ್ ಟೆಸ್ಟರ್, ಅರ್ಥ್ ಟೆಸ್ಟರ್, ಆರ್‌ಸಿಸಿಬಿ ಟೆಸ್ಟರ್ ಇಲ್ಲದೆ ತಂತ್ರಾಂಶ ಕೊಳ್ಳುವುದೆಂದರೆ ತಕ್ಕಡಿಯಿಲ್ಲದ ಮಂಡಿಗೆ ರಸೀದಿ ಪುಸ್ತಕ ಅಚ್ಚು ಹಾಕಿಸಿದಂತೆ. ಮೂರನ್ನೂ ಸಂಘವೇ ಕೊಂಡು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಗೆ ದಿನಬಾಡಿಗೆಗೆ ಕೊಡಬೇಕು, ಉಪಕರಣವನ್ನು ಕೊನೆಯ ಸಲ ತಾಳೆ ನೋಡಿಸಿದ ದಿನಾಂಕ ವರದಿಯಲ್ಲಿ ಕಾಣಬೇಕು ಎಂದು ಮಂಡಳಿಗೆ ಬರೆದು ಕೊಟ್ಟಿದ್ದೇವೆ.

ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಪಂಪಿನ, ಪಲ್ಪರಿನ ಹಳೆಯ ಪರೀಕ್ಷಾ ವರದಿಯ ಪ್ರತಿ ಇರುವವರು ಅದನ್ನೂ, ಇಲ್ಲದವರು ಸ್ಥಾವರದ ಆರ್.ಆರ್. ನಂಬರು, ಮೋಟಾರಿನ ಅಶ್ವಶಕ್ತಿ ಮತ್ತು ಮೇನ್ ಬೋರ್ಡಿನ ಒಂದು ಫೋಟೋವನ್ನೂ ತರಬೇಕಾಗಿ ಕೋರುತ್ತೇವೆ. ಆರ್‌ಸಿಸಿಬಿ ಬೈಪಾಸ್ ಮಾಡಿಟ್ಟವರು ಸಭೆಗೆ ಬರುವ ಮೊದಲೇ ಅದನ್ನು ಮತ್ತೆ ಜೋಡಿಸಿಬಿಡಲಿ. ಜೋಡಿಸಿದೊಡನೆ ಬೀಳುತ್ತಿದ್ದರೆ ಆ ಮೋಟಾರಿನ ಹೆಸರನ್ನು ಕಚೇರಿಯಲ್ಲಿ ಬರೆಸಿಕೊಡಿ. ಉಪಕರಣ ಬಂದ ಕೂಡಲೇ ಮೊದಲು ಅಳೆಯುವುದು ಅಂಥವನ್ನೇ.