ಗರ್ಭಕೋಶ ಜಾರಿದ್ದಕ್ಕೆ ಆಪರೇಷನ್: ನೋವು ಹೋದರೂ ಒಳಗಿನ ಗಾಯ ಮಾಗೋಕೆ ಎಷ್ಟು ದಿನ ಬೇಕು?

ಗರ್ಭಕೋಶ ಕೆಳಗೆ ಜಾರಿದ್ದಕ್ಕೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಎರಡು ವಾರದೊಳಗೆ ನೋವು ಕಡಿಮೆಯಾಗಿಬಿಡುತ್ತದೆ. ಈ ಆಪರೇಷನ್ ಹೆಚ್ಚಾಗಿ ಯೋನಿ ಮಾರ್ಗದಲ್ಲೇ ನಡೆಯುವುದರಿಂದ ಹೊಟ್ಟೆ ಮೇಲೆ ಗಾಯದ ಗುರುತೂ ಇರುವುದಿಲ್ಲ. ನೋಡುವವರಿಗೆ ‘ಚೆನ್ನಾಗೇ ಇದ್ದಾಳಲ್ಲ’ ಅನಿಸುತ್ತೆ. ನೀರಿನ ಕೊಡ, ಹುಲ್ಲಿನ ಹೊರೆ, ಮೊಮ್ಮಗು ಎಲ್ಲವೂ ಮತ್ತೆ ಸೊಂಟಕ್ಕೆ ಬರುತ್ತವೆ. ತೊಂದರೆ ಶುರುವಾಗೋದೇ ಇಲ್ಲಿಂದ. ನೋವು ಹೋಗಿದೆ ಅಂದಮಾತ್ರಕ್ಕೆ ಒಳಗಿನ ಅಂಗಾಂಶ ಗಟ್ಟಿಯಾಗಿದೆ ಎಂದರ್ಥವಲ್ಲ.

ಆಪರೇಷನ್‌ನಲ್ಲಿ ಮಾಡುವುದೇನು?

ಗರ್ಭಕೋಶ, ಮೂತ್ರಚೀಲ, ಗುದನಾಳ ಮೂರನ್ನೂ ಕೆಳಗಿನಿಂದ ಜೋಲಿಯ ಹಾಗೆ ಹೊತ್ತುಕೊಂಡಿರುವುದು ಸ್ನಾಯುಗಳು ಮತ್ತು ನಾರಿನಂಥ ಅಂಗಾಂಶ. ಹಲವು ಹೆರಿಗೆ, ತುಂಬಾ ಹೊತ್ತು ಎಳೆದ ಹೆರಿಗೆ, ವರ್ಷಗಟ್ಟಲೆ ಭಾರ ಹೊತ್ತದ್ದು, ಬಿಡದ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ಮೇಲಿನ ಬದಲಾವಣೆ ಇವೆಲ್ಲ ಸೇರಿ ಜೋಲಿ ಸಡಿಲವಾಗುತ್ತದೆ. ವೈದ್ಯರು ಸಡಿಲಾದ ಗೋಡೆಯನ್ನು ಬಿಗಿ ಮಾಡಿ, ಯೋನಿಯ ಮೇಲ್ತುದಿಯನ್ನು ಒಳಗಿನ ಗಟ್ಟಿ ಕಟ್ಟುಗಳಿಗೆ ಹೊಲಿಯುತ್ತಾರೆ. ಕೆಲವರಿಗೆ ಜೊತೆಯಲ್ಲೇ ಗರ್ಭಕೋಶವನ್ನೂ ತೆಗೆಯುತ್ತಾರೆ.

ಗಾಯ ಮಾಗುವ ಮೂರು ಹಂತ

ಮೊದಲ ನಾಲ್ಕೈದು ದಿನ ಊತದ ಹಂತ. ರಕ್ತ ಹೆಪ್ಪುಗಟ್ಟಿ, ಬಿಳಿ ರಕ್ತಕಣಗಳು ಬಂದು ಸತ್ತ ಜೀವಕೋಶ ಮತ್ತು ಕ್ರಿಮಿಗಳನ್ನು ತೆಗೆದು ಜಾಗ ಶುಚಿ ಮಾಡುತ್ತವೆ. ಆಮೇಲೆ ಸುಮಾರು ಮೂರು ವಾರದವರೆಗೆ ಹೊಸ ರಕ್ತನಾಳಗಳು ಮೊಳೆತು, ಕೊಲಾಜೆನ್ ಎಂಬ ನಾರು ತಯಾರಾಗುತ್ತದೆ. ಈ ಮೊದಲ ನಾರು ಅಷ್ಟು ಬಲವಿಲ್ಲದ್ದು. ಮೂರನೇ ಹಂತದಲ್ಲಿ ಅದು ಕರಗಿ, ಅದರ ಜಾಗಕ್ಕೆ ಗಟ್ಟಿ ನಾರು ಬಂದು ಸಾಲಾಗಿ ಹೆಣೆದುಕೊಳ್ಳುತ್ತದೆ. ಇದಕ್ಕೆ ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು.

ಚರ್ಮದ ಗಾಯಗಳ ಅಧ್ಯಯನದ ಪ್ರಕಾರ ಮೂರನೇ ವಾರದಲ್ಲಿ ಗಾಯದ ಜಾಗಕ್ಕೆ ಮೊದಲಿನ ಬಲದ ಸುಮಾರು 20ರಿಂದ 30 ಭಾಗ ಮಾತ್ರ ಬಂದಿರುತ್ತದೆ. ಮೂರು ತಿಂಗಳಿಗೆ ಹೆಚ್ಚೆಂದರೆ ಶೇ 80ರ ಆಸುಪಾಸು. ನೂರಕ್ಕೆ ನೂರು ಬಲ ಮತ್ತೆ ಬರುವುದಿಲ್ಲ.

ಅಲ್ಲಿವರೆಗೂ ಭಾರ ತಡೆಯೋದು ಹೊಲಿಗೆಯ ದಾರ. ಸಾಮಾನ್ಯವಾಗಿ ಬಳಸುವ ಕರಗುವ ದಾರ ಮೂರ್ನಾಲ್ಕು ವಾರದಲ್ಲೇ ಬಲ ಕಳೆದುಕೊಂಡು, 56ರಿಂದ 70 ದಿನದೊಳಗೆ ಪೂರ್ತಿ ಕರಗುತ್ತದೆ. ಅಂದರೆ ದಾರದ ಬಲ ಇಳಿಯುವ ಹೊತ್ತಿಗೆ ಒಳಗಿನ ನಾರು ಇನ್ನೂ ಎಳೆಯದು. ಆರು ವಾರ ಭಾರ ಎತ್ತಬೇಡಿ, ದೈಹಿಕ ಸಂಪರ್ಕ ಬೇಡ ಎಂದು ವೈದ್ಯರು ಹೇಳೋದು ಇದಕ್ಕೇ.

ಭಾರ ಅಂದರೆ ಎಷ್ಟು? ಐದು ಕಿಲೋಗಿಂತ ಹೆಚ್ಚು ಬೇಡ ಎಂದು ಅನೇಕ ವೈದ್ಯರು ಹೇಳುತ್ತಾರೆ. ಒಂದು ಲೀಟರ್ ನೀರು ಒಂದು ಕಿಲೋ. 15 ಲೀಟರಿನ ಕೊಡ ಅಂದರೆ ಈ ಮಿತಿಯ ಮೂರು ಪಟ್ಟು.

ಸ್ರಾವ ಕಂಡರೆ ಗಾಬರಿ ಬೇಡ, ಆದರೆ ಗಮನ ಇರಲಿ

ದಾರ ಕರಗುವಾಗ ನಾಲ್ಕರಿಂದ ಆರು ವಾರ ಬಿಳಿ ಅಥವಾ ತೆಳು ಹಳದಿ ಸ್ರಾವ ಇರಬಹುದು. ದಾರದ ಚೂರು ಉದುರಬಹುದು. ಎರಡನೇ ವಾರದ ಹೊತ್ತಿಗೆ ಸ್ವಲ್ಪ ರಕ್ತ ಕಾಣುವುದೂ ಉಂಟು. ಆದರೆ ಕೆಟ್ಟ ವಾಸನೆ, ಜ್ವರ, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ, ಮೂತ್ರ ಕಟ್ಟುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದಂತಾದರೆ 108ಕ್ಕೆ ಕರೆ ಮಾಡಿ.

ಹಾರ್ಮೋನು ಏನು ಮಾಡುತ್ತೆ?

ಯಾವುದೇ ಆಪರೇಷನ್ ಆದರೂ ಮೈ ಅದನ್ನು ಪೆಟ್ಟು ಎಂದೇ ತಿಳಿಯುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ಇನ್ಸುಲಿನ್ ಕೆಲಸ ಮಂದವಾಗುತ್ತದೆ. ಹೀಗಾಗಿ ಹತೋಟಿಯಲ್ಲಿದ್ದ ಶುಗರ್ ಕೂಡ ಕೆಲ ದಿನ ಏರಬಹುದು. ಶುಗರ್ ಹೆಚ್ಚಿದ್ದರೆ ಗಾಯ ಮಾಗೋದು ನಿಧಾನ, ಸೋಂಕೂ ಬೇಗ. ಮನೆಗೆ ಬಂದ ಮೇಲೂ ಶುಗರ್ ಪರೀಕ್ಷೆ ಮಾಡಿಸುತ್ತಿರಬೇಕು.

ಎರಡನೆಯದು ಈಸ್ಟ್ರೋಜನ್. ಯೋನಿಯ ಒಳಪದರ ದಪ್ಪವಾಗಿ, ತೇವವಾಗಿ ಇರುವುದು, ರಕ್ತಸಂಚಾರ ಚೆನ್ನಾಗಿರುವುದು, ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುವುದು ಇದರಿಂದಲೇ. ಮುಟ್ಟು ನಿಂತ ಮೇಲೆ ಇದು ಇಳಿದು ಒಳಪದರ ತೆಳುವಾಗುತ್ತದೆ, ಉರಿ, ಒಣಗುವಿಕೆ, ಪದೇ ಪದೇ ಮೂತ್ರದ ಸೋಂಕು ಕಾಡುತ್ತವೆ. ಅದಕ್ಕೇ ಕೆಲವರಿಗೆ ಈಸ್ಟ್ರೋಜನ್ ಕ್ರೀಮ್ ಬರೆದುಕೊಡುತ್ತಾರೆ. ಅದು ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಆದರೆ ಕ್ರೀಮ್ ಹಚ್ಚಿದರೆ ಗರ್ಭಕೋಶ ಮತ್ತೆ ಜಾರುವುದಿಲ್ಲ ಎಂದುಕೊಳ್ಳಬಾರದು. ಅಮೆರಿಕದಲ್ಲಿ ಮುಟ್ಟು ನಿಂತ 206 ಮಹಿಳೆಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆಪರೇಷನ್‌ಗೆ ಮುಂಚೆ ಮತ್ತು ನಂತರ ಒಂದು ವರ್ಷ ಕ್ರೀಮ್ ಹಚ್ಚಿದರೂ ಮತ್ತೆ ಜಾರುವ ಪ್ರಮಾಣ ಕಡಿಮೆಯಾಗಲಿಲ್ಲ. ಒಣಗುವಿಕೆ, ಉರಿಯಂಥ ತೊಂದರೆಗೆ ಮಾತ್ರ ಅನುಕೂಲವಾಯಿತು. ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರಿಗೆ ಹೇಳದೆ ಇದನ್ನು ಬಳಸಲೇಬಾರದು.

ಅಂಡಾಶಯ ಇದೆಯೋ, ತೆಗೆದಿದ್ದಾರೋ?

ಅನೇಕರಿಗೆ ‘ಗರ್ಭಕೋಶ ತೆಗೆದರು’ ಅನ್ನೋದಷ್ಟೇ ಗೊತ್ತು. ಅಂಡಾಶಯದ ವಿಷಯ ಕೇಳಿರುವುದಿಲ್ಲ. ಮುಟ್ಟಾಗುತ್ತಿದ್ದವರಿಗೆ ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜನ್ ಕೆಲವೇ ದಿನದಲ್ಲಿ ಕುಸಿಯುತ್ತದೆ. ಮೈ ಬಿಸಿ, ರಾತ್ರಿ ಬೆವರು, ನಿದ್ದೆಗೇಡು, ಸುಮ್ಮಸುಮ್ಮನೆ ಅಳು, ಸಿಟ್ಟು ಬರುತ್ತವೆ. ಮನೆಯವರು ಇದನ್ನು ಮನಸ್ಸಿನ ಭ್ರಮೆ ಅಂತಲೋ ದೃಷ್ಟಿ ಅಂತಲೋ ತಳ್ಳಿಹಾಕುವುದುಂಟು. 45ಕ್ಕಿಂತ ಮುಂಚೆಯೇ ಹೀಗಾದರೆ ಮೂಳೆ ಸವೆತ, ಹೃದಯದ ತೊಂದರೆಯ ಸಾಧ್ಯತೆಯೂ ಹೆಚ್ಚು. ಇಂಥವರಿಗೆ ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ಕೊಡುವ ಪದ್ಧತಿ ಇದೆ.

ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ‘ಬಿಎಸ್‌ಒ’ ಎಂಬ ಮೂರಕ್ಷರ ಇದ್ದರೆ ಎರಡೂ ಅಂಡಾಶಯ ಮತ್ತು ನಾಳ ತೆಗೆದಿದ್ದಾರೆ ಎಂದರ್ಥ. ಅರ್ಥವಾಗದಿದ್ದರೆ ವೈದ್ಯರನ್ನೇ ಕೇಳಿ, ಸಂಕೋಚ ಬೇಡ. ಅಂಡಾಶಯ ಉಳಿಸಿದ್ದರೂ ಗರ್ಭಕೋಶ ತೆಗೆದವರಲ್ಲಿ ಈ ಲಕ್ಷಣಗಳು ಸ್ವಲ್ಪ ಬೇಗ ಕಾಣಿಸಿಕೊಳ್ಳಬಹುದು.

‘ನಂಜು’ ಎಂದು ಊಟ ಬಿಡಬೇಡಿ

ಗಾಯ ಇದ್ದಾಗ ಬದನೆ, ಕುಂಬಳ, ಮೀನು, ಕಡಲೆಬೀಜ ನಂಜು, ನೀರು ಹೆಚ್ಚು ಕುಡಿದರೆ ಕೀವಾಗುತ್ತೆ ಎಂಬ ಮಾತು ನಮ್ಮ ಕಡೆ ಇದೆ. ಹೊಸ ನಾರು ಕಟ್ಟೋಕೆ ಬೇಕಾಗಿರೋದು ಪ್ರೋಟೀನ್, ವಿಟಮಿನ್ ಸಿ, ಸತು, ಕಬ್ಬಿಣ. ಬೇಳೆ, ಕಾಳು, ಮೊಟ್ಟೆ, ಮೀನು, ಹಾಲು, ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಬೇಕು. ನೀರು ಕಡಿಮೆಯಾದರೆ ಮಲಬದ್ಧತೆ ಆಗುತ್ತೆ, ಮುಕ್ಕಿದಷ್ಟೂ ಭಾರ ನೇರ ಹೊಲಿಗೆ ಮೇಲೆ ಬೀಳುತ್ತೆ. ಕೆಮ್ಮಿದ್ದರೆ ತಕ್ಷಣ ಔಷಧ ತಗೊಳ್ಳಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಅದನ್ನು ಬಿಡಲೇಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸಿ ಗಾಯಕ್ಕೆ ರಕ್ತ ಹೋಗದಂತೆ ಮಾಡುತ್ತದೆ.

ಹಾಗಂತ ಮಲಗೇ ಇರಬಾರದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಮೊದಲ ದಿನಗಳಿಂದಲೇ ಮನೆಯೊಳಗೆ ಓಡಾಡಬೇಕು. ಮೂತ್ರ ತಡೆಹಿಡಿದಂತೆ ಕೆಳಗಿನ ಸ್ನಾಯು ಬಿಗಿ ಹಿಡಿದು ಬಿಡುವ ಕೀಗಲ್ ವ್ಯಾಯಾಮವನ್ನು ವೈದ್ಯರು ಒಪ್ಪಿದ ಮೇಲೆ ಶುರು ಮಾಡಬಹುದು.

ಆರನೇ ವಾರದ ತಪಾಸಣೆ ತಪ್ಪಿಸಬೇಡಿ. ನೋವಿಲ್ಲ ಎಂದು ಇದನ್ನು ಬಿಟ್ಟುಬಿಡುವವರು ಬಹಳ. ಮತ್ತೆ ಭಾರ ಎತ್ತೋದು ಯಾವಾಗ, ಹೊಲದ ಕೆಲಸಕ್ಕೆ ಹೋಗೋದು ಯಾವಾಗ ಎಂಬುದು ತೀರ್ಮಾನವಾಗೋದು ಅವತ್ತೇ. ಅದಕ್ಕೆ ಗಂಡನೋ ಮಗನೋ ಜೊತೆಗೆ ಹೋಗಿ, ವೈದ್ಯರ ಮಾತನ್ನು ತಾವೇ ಕೇಳಿಸಿಕೊಂಡು ಬರುವುದು ಒಳ್ಳೆಯದು. ಆರು ವಾರ ಕೊಡ ಹೊರಬೇಕಾದವರು ಮನೆಯಲ್ಲಿ ಉಳಿದವರು. ಸಂದೇಹವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು, ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು.