ಅಂಗೈಯಲ್ಲಿ ಬಂದ ಅಪರಿಚಿತ

ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂತಹ ಊರಿಗೆ ಹೊಸಬನೊಬ್ಬನು ಕಾಲಿಟ್ಟರೆ, ಕಟ್ಟೆಯ ಮೇಲೆ ಕುಳಿತ ಹಿರಿಯರು "ಯಾವ ಊರಪ್ಪಾ? ಯಾರ ಮನಿಗಿ ಬಂದಿ?" ಎಂದು ವಿಚಾರಿಸದೆ ಬಿಡುವುದಿಲ್ಲ. ಓಣಿಯಲ್ಲಿ ಆಡುವ ಮಕ್ಕಳಿಗೆ ಆ ಪ್ರಶ್ನೆಯೇ ಒಂದು ಕಾವಲು. ಆದರೆ ಇಂದಿನ ಅಪರಿಚಿತನು ಕಟ್ಟೆಯನ್ನು ಹಾದು ಬರಬೇಕಾಗಿಲ್ಲ. ಮಗುವಿನ ಅಂಗೈಯಲ್ಲಿರುವ ಫೋನಿನ ಮೂಲಕವೇ ಮನೆಯನ್ನು ಹೊಗಬಲ್ಲನು.

ಆ ಫೋನನ್ನು ಮಕ್ಕಳ ಕೈಗಿತ್ತವರು ಹೆತ್ತವರೇ. 2020ರ ಮಾರ್ಚಿಯಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆ ಬೇರೆ ದಾರಿ ತೋರದಾಯಿತು. ಎಳೆಯ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ರಾಜ್ಯ ಸರ್ಕಾರವು ಜೂನ್ ತಿಂಗಳಲ್ಲಿ ಆಜ್ಞೆ ಮಾಡಿತಾದರೂ, ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆಯಿತ್ತಿತು. ಪಾಠಕ್ಕೆಂದು ಬಂದ ಫೋನು ಶಾಲೆ ತೆರೆದ ಮೇಲೂ ಅನೇಕ ಮನೆಗಳಲ್ಲಿ ಮಕ್ಕಳ ಕೈಯಲ್ಲಿಯೇ ಉಳಿಯಿತು.

ವಂಚಕನ ರೀತಿ ಬಹುಮಟ್ಟಿಗೆ ಒಂದೇ. ಆಟದಲ್ಲಿಯೋ ಚಿತ್ರ ಹಂಚುವ ತಾಣದಲ್ಲಿಯೋ ಸಮವಯಸ್ಕನೆಂದು ಪರಿಚಯಿಸಿಕೊಳ್ಳುತ್ತಾನೆ; ಹೊಗಳುತ್ತಾನೆ; ಮಾತನ್ನು ಗುಟ್ಟಾದ ಕಡೆಗೆ ಒಯ್ಯುತ್ತಾನೆ; ಕೊನೆಗೆ ಹೇಳಬಾರದ ಭಾವಚಿತ್ರವೊಂದನ್ನು ಕೇಳಿ ಪಡೆಯುತ್ತಾನೆ. ಮರುದಿನವೇ ಧ್ವನಿ ಬದಲಾಗುತ್ತದೆ: "ಹಣ ಕೊಡು, ಇಲ್ಲವೆ ನಿನ್ನಪ್ಪನಿಗೆ ಕಳಿಸುತ್ತೇನೆ." ತಂದೆಯ ಸಿಟ್ಟೇ ಆ ಕಿಡಿಗೇಡಿಯ ಬಂಡವಾಳವೆಂಬುದನ್ನು ಹೆತ್ತವರು ಗಮನಿಸಬೇಕು.

ಆದುದರಿಂದ ಫೋನನ್ನು ಕಸಿದು ಬೀರುವಿನಲ್ಲಿಡುವುದು ಪೂರ್ಣ ಪರಿಹಾರವಲ್ಲ. ಶಿಕ್ಷೆಗೆ ಹೆದರಿದ ಮಗು ಗೆಳೆಯನ ಫೋನಿನಲ್ಲಿ ಅದೇ ಕೆಲಸ ಮಾಡೀತು. ಆಪತ್ತು ಬಂದಾಗ ಬಾಯಿ ಬಿಡದು. ರಾತ್ರಿ ಮನೆಮಂದಿಯ ಫೋನುಗಳೆಲ್ಲವೂ, ತಂದೆಯದೂ ಸೇರಿ, ಪಡಸಾಲೆಯಲ್ಲಿಯೇ ಇರಲಿ. "ಏನೇ ತಪ್ಪಾದರೂ ಮೊದಲು ನನಗೆ ಹೇಳು, ಬಯ್ಯುವುದಿಲ್ಲ" ಎಂಬ ಮಾತನ್ನು ಕೊಟ್ಟು, ಅದರಂತೆ ನಡೆಯಬೇಕು.

ಬೆದರಿಕೆ ಬಂದೇಬಿಟ್ಟರೆ ಹಣ ಕೊಡಬಾರದು. ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಆ ಖಾತೆಯನ್ನು ತಡೆಹಿಡಿಯಬೇಕು. ಚಿತ್ರವನ್ನು ಸಲಹೆಗಾಗಿಯೂ ಬಂಧುಗಳಿಗೆ ಕಳಿಸಕೂಡದು. ಮಕ್ಕಳ ನೆರವಿಗೆ 1098, ಹಣ ಕಳೆದಿದ್ದರೆ ಸೈಬರ್ ಅಪರಾಧದ 1930 ಸಂಖ್ಯೆಗಳಿವೆ. ಮಾನಕ್ಕೆ ಅಂಜಿ ಪೊಲೀಸರಲ್ಲಿಗೆ ಹೋಗದಿರುವವರು ಒಂದನ್ನು ತಿಳಿದಿರಬೇಕು: 2012ರ ಪೋಕ್ಸೋ ಕಾಯಿದೆಯ ಪ್ರಕಾರ ನೊಂದ ಮಗುವಿನ ಹೆಸರನ್ನಾಗಲಿ ಗುರುತನ್ನಾಗಲಿ ಪತ್ರಿಕೆಗಳು ಪ್ರಕಟಿಸುವಂತಿಲ್ಲ.

ಹದಿನಾರು ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯೇ ಇರಕೂಡದೆಂಬ ನಿಯಮವನ್ನು ಆಸ್ಟ್ರೇಲಿಯವು 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ಕಾನೂನು ಬಾಗಿಲನ್ನು ಮುಚ್ಚಬಹುದು. ಹೆದರಿದ ಮಗುವಿನ ಮಾತನ್ನು ಕೇಳಬೇಕಾದವರು ಮಾತ್ರ ಮನೆಯವರೇ. ಕಟ್ಟೆಯ ಹಿರಿಯರು ಹೊಸಬನನ್ನು ಕೇಳುವ ಪ್ರಶ್ನೆಯನ್ನು ತಾಯಿಯು ರಾತ್ರಿ ಊಟಕ್ಕೆ ಬಡಿಸುತ್ತ ಮಗುವನ್ನು ಅಕ್ಕರೆಯಿಂದ ಕೇಳಲಿ: "ಇವತ್ತು ಯಾರ ಜೋಡಿ ಮಾತಾಡಿದಿ, ಕಂದಾ?"