ಮತ್ತೆ ಕುಡಿದು ಬಂದರೆ ಎಲ್ಲಾ ಮುಗಿದು ಹೋಯಿತೇ?



ವಿರಾಜಪೇಟೆ ಸುತ್ತಿನ ಲೈನ್‌ಮನೆಗಳಲ್ಲಿ ಕಾಫಿ ಕೊಯ್ಲಿನ ದುಡ್ಡು ಕೈಗೆ ಬಂದ ವಾರವೇ ಕಷ್ಟದ ವಾರ. ಆರು ತಿಂಗಳು ಬಾಟಲಿ ಮುಟ್ಟದ ಗಂಡ ಸಂತೆಯಿಂದ ತೂರಾಡುತ್ತಾ ಬರುತ್ತಾನೆ. "ದೇವರ ಮುಂದೆ ಆಣೆ ಮಾಡಿದ್ದ, ಅದೂ ಹೋಯ್ತು. ಇನ್ನು ಯಾಕೆ ಪ್ರಾರ್ಥನೆ, ಯಾಕೆ ಚಿಕಿತ್ಸೆ?" ಅಂತ ಸಂಘದ ಸಭೆಯಲ್ಲಿ ಕಣ್ಣೀರು ಹಾಕುವವರಿದ್ದಾರೆ.

ಕುಡಿತದ ಚಟ ಮರುಕಳಿಸುವ ಕಾಯಿಲೆ. ಸಕ್ಕರೆ ಕಾಯಿಲೆ ಏರಿದರೆ ಔಷಧಿ ಬಿಸಾಡುತ್ತೇವೆಯೇ? ಇಲ್ಲ, ಮತ್ತೆ ಡಾಕ್ಟರ ಹತ್ತಿರ ಹೋಗುತ್ತೇವೆ. ಇದೂ ಹಾಗೆಯೇ.

1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಶುರು ಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) 1939ರಲ್ಲಿ ಹನ್ನೆರಡು ಹೆಜ್ಜೆಗಳನ್ನು ಅಚ್ಚು ಹಾಕಿಸಿತು. ಮೊದಲನೆಯದು, ಕುಡಿತದ ಮುಂದೆ ನನ್ನ ಬಲ ಸಾಲದು ಎಂದು ಒಪ್ಪಿಕೊಳ್ಳುವುದು. ಆಮೇಲೆ ದೇವರಿಗೆ ಒಪ್ಪಿಸುವುದು, ತಪ್ಪುಗಳನ್ನು ದೇವರಿಗೂ ಇನ್ನೊಬ್ಬ ಮನುಷ್ಯನಿಗೂ ಹೇಳಿಕೊಳ್ಳುವುದು, ನೋಯಿಸಿದವರಿಗೆ ನಷ್ಟ ತುಂಬಿಕೊಡುವುದು. ನಮಗೆ ಪಾಪನಿವೇದನೆ ನೆನಪಾಗುತ್ತದೆ ಅಲ್ಲವೇ? (ದೇವರನ್ನು ಅವರವರು ತಿಳಿದ ಹಾಗೆ ಅನ್ನುತ್ತಾರೆ, ಹಿಂದೂ, ಮುಸ್ಲಿಂ ಸದಸ್ಯೆಯರ ಮನೆಯವರಿಗೂ ಅಡ್ಡಿಯಿಲ್ಲ.) ಬಿದ್ದವನು ಮತ್ತೆ ಮೊದಲನೇ ಹೆಜ್ಜೆಯಿಂದ ಹೊರಡಬಹುದು. ಪೇತ್ರ ಮೂರು ಸಲ ಅಲ್ಲಗಳೆದ; ಯೇಸುಸ್ವಾಮಿ ಮೂರು ಸಲ ಪ್ರೀತಿಯನ್ನು ಕೇಳಿ, ಕುರಿಗಳನ್ನು ಅವನ ಕೈಗೇ ಒಪ್ಪಿಸಿದರು.

ಐರ್ಲೆಂಡಿನ ಡಬ್ಲಿನ್‌ನಲ್ಲಿ ಮ್ಯಾಟ್ ಟಾಲ್ಬಟ್ ಎಂಬ ಕೂಲಿಯವನಿದ್ದ. 1884ರಲ್ಲಿ ಕುಡಿತ ಬಿಟ್ಟಾಗ ಜೀವನಪೂರ್ತಿ ಅಂತ ಆಣೆ ಹಾಕಲಿಲ್ಲ. ಮೊದಲು ಮೂರು ತಿಂಗಳು, ಆಮೇಲೆ ಆರು ತಿಂಗಳು, ಆಮೇಲೆಯೇ ಜೀವನಕ್ಕೆ. ಹಳೇ ಸಾಲಗಳನ್ನೂ ದುಡಿದು ತೀರಿಸಿದ. 1925ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಕುಡಿಯಲಿಲ್ಲ. ಧರ್ಮಸಭೆ 1975ರಲ್ಲಿ ಅವನನ್ನು 'ವೆನರಬಲ್' ಎಂದು ಘೋಷಿಸಿತು.

ಸಾಲದ ಮಾತು ನಮಗೂ ಮುಖ್ಯ. ಬಾರಿನ ಬಾಕಿ ತೀರಿಸಲು ಸಂಘದಿಂದ ಸಾಲ ಎತ್ತಬೇಡಿ. ನಷ್ಟ ತುಂಬಿಕೊಡುವ ಹೆಜ್ಜೆ ಅವನದು. ನೀವು ತೀರಿಸಿದರೆ ಅವನಿಗೆ ಆ ಹೆಜ್ಜೆಯೇ ಉಳಿಯೋದಿಲ್ಲ.

ಕುಡಿದ ರಾತ್ರಿ ಜಗಳ ಬೇಡ, ಬೆಳಿಗ್ಗೆ ಮಾತಾಡಿ. ಕೈ ಎತ್ತಿದರೆ ಮಕ್ಕಳ ಜೊತೆ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಕ್ಷಮೆ ಅಂದ್ರೆ ಏಟು ತಿನ್ನೋದಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಆಗಬಹುದು, ಜೀವಕ್ಕೂ ಅಪಾಯ. ಪ್ರಾರ್ಥನೆ ಮಾಡುತ್ತಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನೊಂದು ಮಾತು: ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದ ಹಾಗೆ ಸಾರಿಗೆ ಬೆರೆಸಲೇಬೇಡಿ. ಡೈಸಲ್ಫಿರಾಮ್ ತಿಂದವನು ಕುಡಿದರೆ ವಾಂತಿ, ಎದೆಬಡಿತ ಬಂದು ಪ್ರಾಣವೇ ಹೋಗಬಹುದು. ಡಾಕ್ಟರು ಹೇಳಿ, ಅವನೇ ಒಪ್ಪಿ ತಿನ್ನಬೇಕಾದ ಮಾತ್ರೆ ಅದು.

ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿ 14446. ಮನೆಯವರೂ ಫೋನ್ ಮಾಡಬಹುದು.